‘ಬೇಡ’ ಎನ್ನುವ ಗುಂಡಿಯ ಚರಿತ್ರೆ

ರಾಮದುರ್ಗದ ನೇಕಾರರ ಓಣಿಯೊಂದರಲ್ಲಿ ನಮ್ಮ ದೂರದ ನೆಂಟರ ಮನೆಯಿದೆ. ಆ ಮನೆಯ ಹತ್ತು ವರ್ಷದ ಹುಡುಗನಿಗೆ ಮಾತು ಬಂದಿಲ್ಲ. ಕಿವಿ ಮಾತ್ರ ಬಹಳ ಚುರುಕು. ನಾಲ್ಕು ಮನೆಯಾಚೆ ಮಗ್ಗದ ಸದ್ದು ನಿಂತರೂ ಇವನು ತಲೆಯೆತ್ತಿ ನೋಡುತ್ತಾನೆ. ಅವನಿಗಿರುವುದು ಆಟಿಸಂ ಎಂದು ಬೆಳಗಾವಿಯಲ್ಲಿ ಬರೆದುಕೊಟ್ಟಿದ್ದಾರೆ. ಮಾತಿನ ತರಬೇತಿಗೆ ಓಡಾಡುತ್ತಿದ್ದಾಗ ಯಾರೋ ಅವನ ಅಕ್ಕನ ಮೊಬೈಲಿಗೆ ಚಿತ್ರಗಳ ಆ್ಯಪ್ ಒಂದನ್ನು ಹಾಕಿಕೊಟ್ಟರು. ಲೋಟದ ಚಿತ್ರ ಒತ್ತಿದರೆ ಮೊಬೈಲು ‘ನನಗೆ ನೀರು ಬೇಕು’ ಎನ್ನುತ್ತದೆ. ರೊಟ್ಟಿ ಒತ್ತಿದರೆ ‘ನನಗೆ ಹಸಿವಾಗಿದೆ’ ಎನ್ನುತ್ತದೆ.

ನಾವು ಹೋದ ದಿನ ಅಕ್ಕ ಒಂದೊಂದೇ ಪುಟ ತೆರೆದು ತೋರಿಸಿದಳು. ಊಟ, ಆಟ, ಬಟ್ಟೆ, ಶಾಲೆ, ಎಲ್ಲವೂ ಇದ್ದವು. ‘ಬೇಡ’ ಎನ್ನುವ ಗುಂಡಿ ಮಾತ್ರ ಕಾಣಲಿಲ್ಲ. ಅದೆಲ್ಲಿ ಎಂದು ಕೇಳಿದೆವು. “ಇತ್ತು ಮಾಮು. ಎಲ್ಲದಕ್ಕೂ ಅದನ್ನೇ ಒತ್ತುತ್ತಿದ್ದ. ಅದಕ್ಕೇ ತೆಗೆದುಬಿಟ್ಟೆವು” ಎಂದಳು. ತೆಗೆದ ಮೇಲೆ ತರಬೇತಿಯ ವಹಿಯಲ್ಲಿ ‘ಸುಧಾರಣೆ ಇದೆ’ ಎಂದು ಬರೆದಿದ್ದರು. ಆ್ಯಪ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಮನೆಯವರೂ ಒಪ್ಪಿದ್ದರು. ಹುಡುಗನ ಅಭಿಪ್ರಾಯ ಕೇಳುವ ದಾರಿಯೊಂದಿತ್ತು, ಅದನ್ನೇ ಮುಚ್ಚಿದ್ದರು.

ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ದಿನವಿಡೀ ಮಗ್ಗದ ಮುಂದೆ ಕೂತು, ರಾತ್ರಿ ನಿದ್ದೆ ಮಾಡದ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಅಡ್ಡಾಡುವ ತಾಯಿತಂದೆಯರ ಕಷ್ಟ ಬಲ್ಲವರು ಹಾಗೆ ದೂರಲಾರರು. ಆದರೆ ಆ ಹುಡುಗಿಯ ಮಾತು ನಮ್ಮನ್ನು ಬಿಡಲಿಲ್ಲ. ಆಟಿಸಂ ಇರುವವರಿಗೆಂದು ಜಗತ್ತು ಮಾಡಿದ ಯಂತ್ರಗಳ ಚರಿತ್ರೆಯನ್ನು ಹುಡುಕಿ ಓದಿದಾಗ, ರಾಮದುರ್ಗದ ಆ ಮನೆಯಲ್ಲಿ ನಡೆದದ್ದೇ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ನಡೆದಿದೆ ಎಂದು ತಿಳಿಯಿತು. ಸಾಧನ ಒಬ್ಬರದು, ಅದು ಚೆನ್ನಾಗಿದೆಯೆಂಬ ತೀರ್ಪು ಇನ್ನೊಬ್ಬರದು.

*

ಮೊದಲು ಹೆಸರಿನ ಮಾತು. ಗ್ರೀಕ್ ಭಾಷೆಯ ‘ಆಟೋಸ್’ ಎಂದರೆ ತಾನು. ಅದರಿಂದ ಆಟಿಸಂ ಎಂಬ ಪದವನ್ನು ಕಟ್ಟಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರ ಬರೆದು ಪ್ರಕಟಿಸಿದ. ಎಂಟು ಗಂಡು, ಮೂರು ಹೆಣ್ಣು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇಂಥವೇ ಮಕ್ಕಳ ಬಗ್ಗೆ ಬರೆದ. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುತ್ತಾರೆ. ತನ್ನಲ್ಲೇ ಲೀನವಾದವನು ಎಂದು ಅರ್ಥ. ಗಮನಿಸಿ, ಇದು ಹೊರಗೆ ನಿಂತು ನೋಡಿದವರು ಕೊಟ್ಟ ಹೆಸರು. ಒಳಗಿದ್ದವನಿಗೆ ಹಾಗನ್ನಿಸುತ್ತದೆಯೇ ಎಂದು ಕೇಳಿ ಇಟ್ಟದ್ದಲ್ಲ.

ನಮ್ಮ ದರ್ಗಾಗಳ ಜಗತ್ತಿನಲ್ಲಿ ಇದರ ಹತ್ತಿರಕ್ಕೆ ಬರುವ ಒಂದು ಮಾತಿದೆ: ಮಜ್ಜೂಬ್. ದೇವರ ಕಡೆಗೆ ಸೆಳೆಯಲ್ಪಟ್ಟು ಲೋಕದ ರೀತಿನೀತಿ ಮರೆತವನು. ಅವರಿಗೂ ಆಟಿಸಂಗೂ ಗಂಟು ಹಾಕುವುದು ತಪ್ಪು. ಆದರೆ ತನ್ನಷ್ಟಕ್ಕೆ ತಾನು ತೂಗುತ್ತ ಕೂತವನನ್ನು ಅವನ ಪಾಡಿಗೆ ಬಿಡುವ, ಊಟ ಕೊಡುವ, ನಗದಿರುವ ಒಂದು ಸೌಜನ್ಯ ದರ್ಗಾದ ಕಟ್ಟೆಯ ಮೇಲೆ ಇತ್ತು. ಅದೇ ಜನ ಮನೆಗೆ ಬಂದರೆ, ಇಂಥ ಮಗುವಿಗೆ ‘ಗಾಳಿ’ ತಾಗಿದೆ ಎಂದು ತಾಯತ ಕಟ್ಟಿಸುವುದೂ, ‘ಹೆತ್ತವಳ ತಪ್ಪು’ ಎಂದು ಪಿಸುಗುಟ್ಟುವುದೂ ಇತ್ತು. ಇದು ನಮ್ಮ ಹಳ್ಳಿಗಾಡಿನ ಅಜ್ಞಾನ ಮಾತ್ರ ಎಂದು ತಿಳಿಯಬೇಕಾಗಿಲ್ಲ. ತಾಯಂದಿರ ಪ್ರೀತಿ ಮಂಜುಗಡ್ಡೆಯಂತೆ ತಣ್ಣಗಿದ್ದುದರಿಂದಲೇ ಮಕ್ಕಳು ಹೀಗಾದರು ಎಂದು ಅಮೆರಿಕದ ವಿದ್ವಾಂಸರೇ ದಶಕಗಳ ಕಾಲ ಹೇಳಿದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಅದನ್ನು ಪುಸ್ತಕವಾಗಿಯೇ ಬರೆದ.

*

ಆಟಿಸಂ ಇರುವವರಿಗಾಗಿ ಮಾಡಿದ ಯಂತ್ರಗಳಲ್ಲಿ, ಅಂಥ ವ್ಯಕ್ತಿಯೇ ತನಗಾಗಿ ಮಾಡಿಕೊಂಡ ಒಂದು ಯಂತ್ರದ ಕಥೆ ನಮ್ಮ ಸೀಮೆಯ ರೈತರಿಗೆ ಸುಲಭವಾಗಿ ತಿಳಿಯುತ್ತದೆ. ದನದ ದವಾಖಾನೆಯ ಮುಂದೆ, ಸೂಜಿ ಹಾಕುವಾಗ ಎತ್ತನ್ನು ನಿಲ್ಲಿಸಲು ಕಂಬಗಳ ಚೌಕಟ್ಟು ಇರುತ್ತದಲ್ಲ, ಅಂಥದ್ದೇ ಒಂದನ್ನು ಟೆಂಪಲ್ ಗ್ರ್ಯಾಂಡಿನ್ ಎಂಬ ಹುಡುಗಿ ಅರಿಝೋನಾದ ತನ್ನ ಚಿಕ್ಕಮ್ಮನ ದನದ ಹಟ್ಟಿಯಲ್ಲಿ ಕಂಡಳು. ಎರಡೂ ಪಕ್ಕದಿಂದ ಹಲಗೆಗಳು ಮೆಲ್ಲಗೆ ಒತ್ತಿ ಹಿಡಿದಾಗ ಬೆದರಿದ ದನ ಶಾಂತವಾಗುತ್ತಿತ್ತು. ಯಾರಾದರೂ ಅಪ್ಪಿಕೊಂಡರೆ ತಾಳಲಾರದ ಆ ಹುಡುಗಿ ತಾನೂ ಅದರೊಳಗೆ ನಿಂತು ನೋಡಿದಳು. ಆಮೇಲೆ ಹದಿನೆಂಟರ ವಯಸ್ಸಿನಲ್ಲಿ, 1965ರ ಸುಮಾರಿಗೆ, ಹಲಗೆ ಜೋಡಿಸಿ ತನಗೊಂದು ‘ಒತ್ತುವ ಯಂತ್ರ’ ಮಾಡಿಕೊಂಡಳು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಹಿಡಿಕೆ ಅವಳ ಕೈಯಲ್ಲೇ ಇತ್ತು. ಮನುಷ್ಯರ ಅಪ್ಪುಗೆಗೂ ಇದಕ್ಕೂ ಇದ್ದ ವ್ಯತ್ಯಾಸ ಅಷ್ಟೇ.

ಶಾಲೆಯ ಮನೋವಿಜ್ಞಾನಿಗಳಿಗೆ ಅದು ವಿಕಾರವಾಗಿ ಕಂಡಿತು. ಕಿತ್ತುಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ. ಅದು ಏಕೆ ಹಿತ ಕೊಡುತ್ತದೆ ಎಂದು ಪ್ರಯೋಗ ಮಾಡಿ ತೋರಿಸಲು ವಿಜ್ಞಾನ ಓದಿದಳು. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದಳು.

ಅದೇ 1960ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಓ. ಐವರ್ ಲೋವಾಸ್ ಎಂಬ ಮನೋವಿಜ್ಞಾನಿ, ಮಕ್ಕಳ ‘ಬೇಡದ ವರ್ತನೆ’ ಬಿಡಿಸಲು ವಿದ್ಯುತ್ ಆಘಾತವನ್ನೂ ಬಳಸಿದ. ಮಕ್ಕಳು ತೂಗುವುದನ್ನು ನಿಲ್ಲಿಸಿದರು ಎಂಬುದು ಯಶಸ್ಸಿನ ಲೆಕ್ಕವಾಯಿತು. ಮೈಗೆ ಕಟ್ಟಿ ದೂರದಿಂದ ಗುಂಡಿ ಒತ್ತುವ ಆಘಾತದ ಸಾಧನವೊಂದು ಮ್ಯಾಸಚೂಸೆಟ್ಸ್‌ನ ಒಂದು ಸಂಸ್ಥೆಯಲ್ಲಿ ಈ ಶತಮಾನದಲ್ಲೂ ಬಳಕೆಯಲ್ಲಿತ್ತು. ಅಮೆರಿಕದ ಸರ್ಕಾರಿ ಪ್ರಾಧಿಕಾರ 2020ರಲ್ಲಿ ಅದನ್ನು ನಿಷೇಧಿಸಿದರೆ, 2021ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ಒಂದೇ ಕಾಲದ ಎರಡು ಯಂತ್ರಗಳಿವು. ಒಂದರಲ್ಲಿ ಗುಂಡಿ ಒಳಗಿರುವವಳ ಕೈಯಲ್ಲಿ, ಇನ್ನೊಂದರಲ್ಲಿ ಎದುರಿಗಿರುವವರ ಕೈಯಲ್ಲಿ.

ಇವೆರಡರ ನಡುವೆ ಮೆಲುದನಿಯ ಕೆಲವು ಪ್ರಯತ್ನಗಳೂ ನಡೆದವು. ಸ್ಟ್ಯಾನ್‌ಫರ್ಡಿನ ಕೆನೆತ್ ಕೋಲ್ಬಿ 1960ರ ದಶಕದ ಕೊನೆಯಲ್ಲಿ ಮಾತಿಲ್ಲದ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಕೀಲಿ ಒತ್ತಿದರೆ ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು, ಧ್ವನಿ ಬರುತ್ತಿತ್ತು. ತಪ್ಪು ಎಂಬುದಿರಲಿಲ್ಲ, ಶಿಕ್ಷೆಯಿರಲಿಲ್ಲ. ಮಗು ತನಗೆ ಬೇಕಾದದ್ದನ್ನು ಬೇಕಾದಷ್ಟು ಸಲ ಒತ್ತಬಹುದಿತ್ತು. 1976ರಲ್ಲಿ ಎಡಿನ್‌ಬರೋದಲ್ಲಿ ಸಿಲ್ವಿಯಾ ವೀರ್ ಮತ್ತು ರಿಕಿ ಇಮ್ಯಾನುಯೆಲ್ ಏಳು ವರ್ಷದ ಹುಡುಗನೊಬ್ಬನಿಗೆ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯಿಂದ ನೆಲದ ಮೇಲೆ ಓಡುವ ಆಮೆಯಾಕಾರದ ಯಂತ್ರವನ್ನು ನಡೆಸಲು ಕೊಟ್ಟರು. ಯಾವಾಗಲೂ ಅಪ್ಪಣೆ ಕೇಳಿಸಿಕೊಂಡವನು ಅಂದು ಆಮೆಗೆ ತಾನೇ ಅಪ್ಪಣೆ ಕೊಟ್ಟ. ಸುತ್ತಲಿದ್ದವರೊಡನೆ ಅವನ ಒಡನಾಟ ಆ ಆಟದಿಂದಲೇ ಚಿಗುರಿತೆಂದು ಅವರು ದಾಖಲಿಸಿದರು.

*

ಸಾಧನವೇನೋ ಬಂತು, ಅದರಿಂದ ಮಾತೂ ಬಂತು. ಆದರೆ ಆ ಮಾತು ಯಾರದು? ಈ ಪ್ರಶ್ನೆ ಏಳಲು ಒಂದು ದೊಡ್ಡ ಎಡವಟ್ಟು ನಡೆಯಬೇಕಾಯಿತು.

1970ರ ದಶಕದಲ್ಲಿ ಆಸ್ಟ್ರೇಲಿಯಾದ ರೋಸ್‌ಮೇರಿ ಕ್ರಾಸ್ಲಿ, ಮಾತಿಲ್ಲದವರ ಕೈಯನ್ನು ಹಿಡಿದು ಅಕ್ಷರದ ಫಲಕದ ಮೇಲೆ ಬೆರಳಾಡಿಸಲು ನೆರವಾಗುವ ಪದ್ಧತಿ ಆರಂಭಿಸಿದಳು. 1990ರಲ್ಲಿ ಡಗ್ಲಸ್ ಬಿಕ್ಲೆನ್ ಅದನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದ. ಒಂದು ಮಾತೂ ಆಡದ ಮಕ್ಕಳು ಇದ್ದಕ್ಕಿದ್ದಂತೆ ಕವಿತೆ ಬರೆದರು, ತಾಯಿಗೆ ಪ್ರೀತಿಯ ಮಾತು ಹೇಳಿದರು. ತಾಯಿತಂದೆಯರ ಸಂತೋಷ ಊಹಿಸಬಹುದು. ಕೆಲವರು ಅನುಮಾನಪಟ್ಟು ಒಂದು ಸರಳ ಪರೀಕ್ಷೆ ಮಾಡಿದರು. ನ್ಯೂಯಾರ್ಕ್ ರಾಜ್ಯದ ಒಂದು ಕೇಂದ್ರದಲ್ಲಿ, ಕೈ ಹಿಡಿದವರಿಗೆ ಒಂದು ಚಿತ್ರ, ಆಟಿಸಂ ಇದ್ದವರಿಗೆ ಬೇರೊಂದು ಚಿತ್ರ ತೋರಿಸಿದರು. ಫಲಕದ ಮೇಲೆ ಮೂಡಿದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. 1993ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಯಾರೂ ಬೇಕೆಂದು ಮೋಸ ಮಾಡಿರಲಿಲ್ಲ. ಪ್ರೀತಿಯಿಂದಲೇ, ತಿಳಿಯದೆಯೇ, ಇನ್ನೊಬ್ಬರ ಬಾಯಲ್ಲಿ ತಮ್ಮ ಮಾತನ್ನು ಆಡಿಸಿದ್ದರು.

ಈ ಚರ್ಚೆಯ ಒಂದು ಎಳೆ ಕರ್ನಾಟಕಕ್ಕೂ ಬರುತ್ತದೆ. ಟಿಟೊ ಮುಖೋಪಾಧ್ಯಾಯ್ 1989ರಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಬೆಳೆದ, ಮಾತು ಬಹಳ ಕಡಿಮೆಯಿದ್ದ ಹುಡುಗ. ತಾಯಿ ಸೋಮಾ ಅಕ್ಷರದ ಫಲಕ ಹಿಡಿದು, ಬಿಡದೆ ಪ್ರಶ್ನೆ ಕೇಳಿ ಕೇಳಿ ಅವನಿಗೆ ಓದು ಬರಹ ಕಲಿಸಿದಳು. ಅವನು ಪೆನ್ಸಿಲಿನಿಂದ ಬರೆಯುವುದನ್ನೂ ಕಲಿತ. 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅವನ ಪುಸ್ತಕ ಪ್ರಕಟಿಸಿತು. ಬಿಬಿಸಿ ಅವನ ಬಗ್ಗೆ ಚಿತ್ರ ಮಾಡಿತು. ತಾಯಿ ಮಗ ಅಮೆರಿಕಕ್ಕೆ ಹೋದರು, ಸೋಮಾ ಅಲ್ಲಿ ಇತರ ಮಕ್ಕಳಿಗೂ ಅದೇ ಪದ್ಧತಿ ಕಲಿಸತೊಡಗಿದಳು. ಆದರೆ 2018ರಲ್ಲಿ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಈ ಪದ್ಧತಿಯನ್ನು ಬಳಸಬಾರದೆಂದಿತು. ಫಲಕ ಹಿಡಿದವರ ಸೂಚನೆಗೆ ಮಗು ಜೋತುಬೀಳುವ ಅಪಾಯವಿದೆ, ಮಾತು ಮಗುವಿನದೇ ಎಂಬುದಕ್ಕೆ ಪುರಾವೆ ಸಾಲದು ಎಂಬುದು ಅವರ ವಾದ. ಟಿಟೊನ ಬರಹವನ್ನು ನಂಬುವವರು ಇಂದಿಗೂ ಇದ್ದಾರೆ. ನಮಗೆ ಮುಖ್ಯವೆನಿಸುವುದು ಇಷ್ಟು: ‘ಮಗು ಮಾತಾಡಿತೇ?’ ಎಂಬ ಪ್ರಶ್ನೆಯೊಂದರಿಂದಲೇ ಸಾಧನವನ್ನು ಅಳೆಯಲಾಗದು. ‘ನಾವು ಪಕ್ಕದಲ್ಲಿಲ್ಲದಾಗ, ನಮಗೆ ಗೊತ್ತಿಲ್ಲದ್ದನ್ನು, ನಮಗೆ ಇಷ್ಟವಿಲ್ಲದ್ದನ್ನು ಹೇಳಿತೇ?’ ಎಂದೂ ಕೇಳಬೇಕು.

*

ಕೇಳುವುದು ಹೇಗೆ? ಯಂತ್ರ ಬಳಸಿದವರ ಅನುಭವವನ್ನು ಅಳೆಯುವುದಕ್ಕೆ ಕಂಪ್ಯೂಟರ್ ಲೋಕದಲ್ಲಿ ಹಲವು ವಿಧಾನಗಳಿವೆ. ಜಾನ್ ಬ್ರೂಕ್ 1986ರಲ್ಲಿ ಮಾಡಿದ ಹತ್ತು ವಾಕ್ಯಗಳ ಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿ ವಾಕ್ಯವನ್ನೂ ಎಷ್ಟು ಒಪ್ಪುತ್ತೀರಿ ಎಂದು ಒಂದರಿಂದ ಐದರೊಳಗೆ ಗುರುತು ಹಾಕಬೇಕು. ಇನ್ನೊಂದು ವಿಧಾನದಲ್ಲಿ, ಯಂತ್ರ ಬಳಸುತ್ತಲೇ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಮಾತೇ ಇಲ್ಲದ ಮಗು ಇವೆರಡನ್ನೂ ಮಾಡುವುದು ಹೇಗೆ? ಮಕ್ಕಳಿಗಾಗಿ ಬ್ರಿಟನ್ನಿನ ಜಾನೆಟ್ ರೀಡ್ ಮತ್ತು ಸಂಗಡಿಗರು ಐದು ಮುಖಗಳ ಚಿತ್ರ ಮಾಡಿದರು. ಅಳುಮೋರೆಯಿಂದ ನಗುಮೊಗದವರೆಗೆ, ಇಷ್ಟವಾದದ್ದಕ್ಕೆ ಗುರುತು ಹಾಕಿದರಾಯಿತು. ಪುಟ್ಟ ಮಕ್ಕಳು ಏನು ಕೇಳಿದರೂ ಅತಿ ದೊಡ್ಡ ನಗುವನ್ನೇ ಆರಿಸುತ್ತಾರೆ ಎಂಬುದು ಬೇಗನೆ ತಿಳಿಯಿತು. ಅದಿರಲಿ, ಮುಖಭಾವ ಓದುವುದೇ ಕಷ್ಟವೆಂದು ನಾವು ಹೇಳುವ ಮಗುವಿನ ಮುಂದೆ ಐದು ಮುಖ ಇಟ್ಟು ‘ನಿನಗೆ ಹೇಗನ್ನಿಸಿತು?’ ಎನ್ನುವುದು, ಕನ್ನಡ ಬಾರದವನಿಗೆ ಕನ್ನಡದಲ್ಲೇ ‘ಕನ್ನಡ ಬರುತ್ತದೆಯೇ?’ ಎಂದು ಬರೆದು ಕೇಳಿದಂತೆ.

ಹಾಗಾಗಿ ಬಹುಕಾಲ ತಾಯಿತಂದೆ, ಶಿಕ್ಷಕರು, ತಜ್ಞರೇ ಮಕ್ಕಳ ಪರವಾಗಿ ಉತ್ತರಿಸಿದರು. ಸ್ಟ್ಯಾನ್‌ಫರ್ಡಿನವರು ಎದುರಿನವರ ಮುಖಭಾವವನ್ನು ಗುರುತಿಸಿ ಹೇಳುವ ಕನ್ನಡಕವನ್ನು 71 ಮಕ್ಕಳ ಅಧ್ಯಯನದಲ್ಲಿ ಪರೀಕ್ಷಿಸಿ, 2019ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದರು. ಉಪಯೋಗವಿರಬಹುದು. ಆದರೆ ಡೇಮಿಯನ್ ಮಿಲ್ಟನ್ ಎಂಬ, ತಾನೇ ಆಟಿಸಂ ಇರುವ ವಿದ್ವಾಂಸ 2012ರಲ್ಲಿ ಒಂದು ಮಾತು ಹೇಳಿದ್ದ. ಅವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುತ್ತೀರಿ, ನಿಮಗೂ ಅವರು ಅರ್ಥವಾಗುವುದಿಲ್ಲವಲ್ಲ. ಕೊರತೆ ಎರಡೂ ಕಡೆಯದು ಎಂಬುದು ಅದರ ತಿರುಳು. ಹಾಗಿದ್ದರೆ ಕನ್ನಡಕ ಅವರಿಗಷ್ಟೇ ಏಕೆ? ರಾಮದುರ್ಗದ ಹುಡುಗ ಕೈ ಬಡಿದಾಗ ಅದು ಖುಷಿಯೋ ಸಂಕಟವೋ ಎಂದು ಹೇಳುವ ಕನ್ನಡಕ ನಮಗೂ ಒಂದು ಬೇಕಿತ್ತು.

ಇದೇ 2019ರಲ್ಲಿ ಕ್ಯಾಥರಿನಾ ಸ್ಪೀಲ್ ಮತ್ತು ಜೊತೆಗಾರರು ಆಟಿಸಂ ಮಕ್ಕಳ ತಂತ್ರಜ್ಞಾನ ಕುರಿತ ಸಂಶೋಧನೆಗಳನ್ನು ಒಟ್ಟಿಗಿಟ್ಟು ಓದಿದರು. ಹೆಚ್ಚಿನ ಯಂತ್ರಗಳ ಗುರಿ ಮಗುವನ್ನು ತಿದ್ದುವುದೇ ಆಗಿತ್ತು. ಏನು ಮಾಡಬೇಕೆಂದು ತೀರ್ಮಾನಿಸುವಲ್ಲಿ ಮಗುವಿಗೆ ಜಾಗ ಬಹಳ ಕಡಿಮೆ ಇತ್ತು. ಈಚೆಗೆ ದಾರಿ ಬದಲಾಗುತ್ತಿದೆ. ಮಕ್ಕಳ ಜೊತೆ ತಿಂಗಳುಗಟ್ಟಲೆ ಕೂತು ಸಾಧನವನ್ನು ಒಟ್ಟಿಗೆ ಕಟ್ಟುವವರಿದ್ದಾರೆ. ಮಾತಿನ ಉತ್ತರ ಸಿಗದಲ್ಲಿ ಅವರು ವರ್ತನೆಯನ್ನು ಓದುತ್ತಾರೆ. ಯಾರೂ ಹೇಳದೆ ಮಗು ಅದರ ಹತ್ತಿರ ತಾನಾಗಿ ಬಂದಿತೇ? ದೂರ ತಳ್ಳಿತೇ? ಕಿವಿ ಮುಚ್ಚಿಕೊಂಡಿತೇ? ಮಾಡಿದವರು ಎಣಿಸದ ಯಾವುದಾದರೂ ಕೆಲಸಕ್ಕೆ ಬಳಸಿತೇ? ಇವೂ ಉತ್ತರಗಳೇ.

*

ಈಗ ನಮ್ಮ ನೆಲಕ್ಕೆ ಬರೋಣ. 1995ರ ಅಂಗವಿಕಲರ ಕಾಯಿದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಮೊದಲು ಆ ಹೆಸರು ಬಂತು. 2011ರ ಜನಗಣತಿಯಲ್ಲಿ ಅದಕ್ಕೆ ಪ್ರತ್ಯೇಕ ಕಾಲಂ ಇರಲಿಲ್ಲ. 2016ರ ಕಾಯಿದೆ 21 ವಿಧಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಆಟಿಸಂ ಸೇರಿತು. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ, ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಆಟಿಸಂ. ಮಗುವನ್ನು ಅಳೆಯಲು ಹೀಗೆ ಮಾಪನವಿದೆ. ಮಗುವಿನ ಕೈಗೆ ಕೊಟ್ಟ ಸಾಧನವನ್ನು ಮಗುವಿನ ಕಡೆಯಿಂದ ಅಳೆಯುವ ಕಾಲಂ ಯಾವ ಅರ್ಜಿಯಲ್ಲೂ ನಮಗೆ ಕಾಣಲಿಲ್ಲ.

ಸಾಧನಗಳೇನೋ ಬಂದಿವೆ. ಚೆನ್ನೈನ ಅಜಿತ್ ನಾರಾಯಣನ್ ಮಾಡಿದ ಮಾತಾಡುವ ಸಾಧನದ ಹೆಸರು ‘ಆವಾಜ್’. ಮೊದಲು ಅದನ್ನು ಕಟ್ಟಿದ್ದು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ, ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಒಡನಾಟದಲ್ಲಿ. ಮುಂದೆ ಆಟಿಸಂ ಮಕ್ಕಳೊಡನೆ ಕೆಲಸ ಮಾಡುತ್ತ ಅದು ಚಿತ್ರಗಳ ಆ್ಯಪ್ ಆಗಿ ಬೆಳೆಯಿತು. ಮುಂಬೈ ಐಐಟಿಯಲ್ಲಿ ರವಿ ಪೂವಯ್ಯ ಮತ್ತು ಸಂಗಡಿಗರು ‘ಜೆಲ್ಲೋ’ ಎಂಬುದನ್ನು ಮಾಡಿ ಉಚಿತವಾಗಿ ಕೊಟ್ಟರು. ಕನ್ನಡದಲ್ಲೂ ಇಂಥ ಆ್ಯಪ್‌ಗಳು ಸಿಗುತ್ತವೆ. ಉರ್ದು ಓದಿದ ನಮಗೆ ‘ಆವಾಜ್’ ಎಂಬ ಹೆಸರು ಹಿಡಿಸಿತು. ಬೆಳಗಾವಿ ಸೀಮೆಯ ಕನ್ನಡದಲ್ಲೂ ಆ ಪದ ಮನೆಯ ಮಾತೇ.

ಆದರೆ ಯಾರ ಆವಾಜು? ನಮ್ಮ ಹುಡುಗ ಮನೆಯಲ್ಲಿ ಕೇಳುವುದು ‘ಮೇರೆಕು ಪಾನಿ ಹೋನಾ’. ಓಣಿಯಲ್ಲಿ ಕೇಳುವುದು ‘ನನಗ ನೀರ ಬೇಕ’. ಮೊಬೈಲು ಹೇಳುವುದು ವಾರ್ತೆ ಓದುವ ಹೆಂಗಸಿನ ದನಿಯಲ್ಲಿ, ‘ನನಗೆ ನೀರು ಬೇಕು’. ಹತ್ತು ವರ್ಷದ ಗಂಡುಹುಡುಗನಿಗೆ ಅದು ತನ್ನ ಮಾತೆನಿಸಬೇಕು. ತರಬೇತಿಗೆ ಹೋದಾಗ ಮನೆಯಲ್ಲಿ ಒಂದೇ ಭಾಷೆ ಆಡಿ, ಕನ್ನಡವನ್ನಷ್ಟೇ ಆಡಿ ಎಂದೂ ಹೇಳಿದ್ದರಂತೆ. ಅಂದಿನಿಂದ ದಾದಿ ಮೊಮ್ಮಗನ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು, ಅವಳಿಗೆ ಕನ್ನಡ ಸರಾಗವಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಕೆನಡಾದ ಅಧ್ಯಯನವೊಂದು 2012ರಲ್ಲೇ ತೋರಿಸಿದೆ. ಆ ಸುದ್ದಿ ರಾಮದುರ್ಗದ ದಾದಿಯನ್ನು ತಲುಪಿರಲಿಲ್ಲ.

ಊರೂ ಒಂದು ಪರೀಕ್ಷೆಯೇ. ಸವದತ್ತಿಯ ಗುಡ್ಡದ ಮೇಲೆ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಚೌಡಿಕೆ, ಜಾಗಟೆ, ಜನಜಂಗುಳಿ. ಬೈಲಹೊಂಗಲದ ಹಳ್ಳಿಗಳ ಮೊಹರಮ್ಮಿನಲ್ಲಿ ಅಲಾವಿಯ ಕುಣಿಯ ಸುತ್ತ ಹಲಗೆಯ ಬಡಿತ. ಇಂಥಲ್ಲಿ ಸದ್ದು ತಗ್ಗಿಸುವ ಕಿವಿಮುಚ್ಚಳ ಹಾಕಿಕೊಂಡ ಮಗುವನ್ನು ಕಂಡರೆ ‘ದೇವರ ಮುಂದೆ ಇದೇನು’ ಎನ್ನುವ ಹಿರಿಯರಿದ್ದಾರೆ. ಆ ಮುಚ್ಚಳವಿಲ್ಲದಿದ್ದರೆ ಮಗು ದೇವರ ಮುಂದೆ ಬರುತ್ತಲೇ ಇರಲಿಲ್ಲ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ಇನ್ನು ದೂರದ ಮಾತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಆದರೆ ರಾಮದುರ್ಗದಿಂದ ಅಲ್ಲಿಗೆ ರಾತ್ರಿಯಿಡೀ ಬಸ್ಸು. ಕಿತ್ತೂರಿನವರಿಗೆ ಹೆದ್ದಾರಿಯಿದೆ, ಧಾರವಾಡ ಹತ್ತಿರ. ರಾಮದುರ್ಗದವರು ಬೆಳಗಾವಿಗೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ನೇಯ್ಗೆಯ ಕೂಲಿ ಹೋಗುತ್ತದೆ.

ಇದೇ ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಚರಿತ್ರೆ 1824ರದು. ಕಿತ್ತೂರಿನ ರಾಣಿ ಕಂಪನಿ ಸರ್ಕಾರಕ್ಕೆ ‘ಒಲ್ಲೆ’ ಎಂದದ್ದು. ಅವಳ ಸಮಾಧಿ ಬೈಲಹೊಂಗಲದಲ್ಲಿದೆ. ವರ್ಷಕ್ಕೊಮ್ಮೆ ಉತ್ಸವ ಮಾಡಿ ಆ ‘ಒಲ್ಲೆ’ಯನ್ನು ಕೊಂಡಾಡುವ ನಾವು, ಮನೆಯ ಮಗು ಒಲ್ಲೆನೆಂದರೆ ಅದನ್ನು ರೋಗದ ಲಕ್ಷಣವೆಂದು ಬರೆದುಕೊಳ್ಳುತ್ತೇವೆ.

*

ಓದಿದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಎರಡನೆಯ ಸಲ ರಾಮದುರ್ಗಕ್ಕೆ ಹೋದಾಗ ಆ ಅಕ್ಕನ ಹತ್ತಿರ ಕೂತು ಮಾತಾಡಿದೆವು. ಆ್ಯಪ್‌ನಲ್ಲಿ ನಮ್ಮದೇ ದನಿ ತುಂಬಿಸುವ ಅನುಕೂಲವಿತ್ತು. ಅವಳು ಚಿಕ್ಕಪ್ಪನ ಮಗನನ್ನು ಕರೆದಳು, ಅವನಿಗೂ ಹತ್ತು ಹನ್ನೊಂದು ವರ್ಷ. ಏನು ಹೇಳಿಸಬೇಕೆಂಬ ಚರ್ಚೆ ನಡೆಯಿತು. ‘ಬೇಡ’ ಎಂದು ಒಬ್ಬರು, ‘ಬ್ಯಾಡ’ ಎಂದು ಇನ್ನೊಬ್ಬರು. ಕಡೆಗೆ ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ದಾದಿಯೇ ತೀರ್ಮಾನ ಕೊಟ್ಟಳು: “ನಕ್ಕೊ ಬೋಲೋ.” ನಮ್ಮ ದಖ್ಖನಿಯಲ್ಲಿ ಬೇಡ ಎನ್ನುವುದಕ್ಕೆ ಅದಕ್ಕಿಂತ ಹಳೆಯ, ಅದಕ್ಕಿಂತ ಚೊಕ್ಕ ಮಾತಿಲ್ಲ. ಹುಡುಗನ ದನಿಯಲ್ಲಿ ‘ನಕ್ಕೊ’ ಮೊದಲ ಪುಟದ ಮೇಲುಗಡೆ ಬಂದು ಕೂತಿತು.

ಮೊದಲ ವಾರವೆಲ್ಲ ಅದನ್ನೇ ಒತ್ತಿದನಂತೆ. ಆಮೇಲೆ ಆರಿಸಿ ಒತ್ತತೊಡಗಿದನಂತೆ. ಉಣ್ಣೆಯ ಟೋಪಿಗೆ ನಕ್ಕೊ, ಬೆಂಡೆಕಾಯಿಗೆ ನಕ್ಕೊ, ಸಂಜೆ ಮನೆಗೆ ಬಂದವರೆಲ್ಲ ಗಲ್ಲ ಹಿಂಡುವುದಕ್ಕೆ ನಕ್ಕೊ. ಆ ಟೋಪಿ ಅವನಿಗೆ ಚುಚ್ಚುತ್ತಿತ್ತು ಎಂದು ತಾಯಿಗೆ ತಿಳಿದದ್ದು ಆಗಲೇ. ತರಬೇತಿಯ ವಹಿಯಲ್ಲಿ ಇದಕ್ಕೆ ಏನು ಬರೆದರೋ ಗೊತ್ತಿಲ್ಲ.

ಮೂರನೆಯ ಸಲ ಹೋದಾಗ ನಾವು ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಅವನ ಪಕ್ಕದಲ್ಲಿ ಕೂತೆವು. ಯಾವ ಚಿತ್ರ ಇಷ್ಟ, ತೋರಿಸಪ್ಪ ಎಂದೆವು. ಅವನು ನಮ್ಮನ್ನು ನೋಡಲಿಲ್ಲ. ಮೊಬೈಲಿನ ಮೇಲೆ ಬೆರಳಿಟ್ಟ. “ನಕ್ಕೊ” ಎಂದಿತು ಅದು. ದಾದಿ ನಕ್ಕಳು. ನಾವು ನೋಟ್‌ಬುಕ್ಕು ಮಡಚಿ ಎದ್ದು, ಚಹಾ ಕುಡಿಯಲು ಹೊರಗಿನ ಕಟ್ಟೆಗೆ ಬಂದೆವು.